ಉತ್ತರಕ್ಕೆ ತಿರುಗಿದ ಆಂಟೆನಾ

ಜಹ್ರಾ

ಕುವೈತಿನಲ್ಲಿ ಏನೇನು ನೋಡಿದಿರಿ ಎಂದು ಗದಗಿನಲ್ಲಿ ಎಲ್ಲರೂ ಕೇಳುತ್ತಾರೆ. ಸಮುದ್ರದಂಡೆಯ ಗೋಪುರಗಳನ್ನು ನೋಡಿದೆ, ಊರೊಂದು ಹಿಡಿಸುವಷ್ಟು ದೊಡ್ಡ ಮಾಲ್‌ನಲ್ಲಿ ದಾರಿ ತಪ್ಪಿಸಿಕೊಂಡೆ. ಅದನ್ನೆಲ್ಲ ಹೇಳಲು ಹೊರಟರೆ ಎರಡು ಮಾತಿಗೆ ಮುಗಿದುಹೋಗುತ್ತದೆ. ನಿಜ ಹೇಳಬೇಕೆಂದರೆ, ನಾನು ಆ ದೇಶದಲ್ಲಿ ಹೆಚ್ಚು ಹೊತ್ತು ಕಳೆದದ್ದು ಜಹ್ರಾ ಎಂಬ ಊರಿನ ಒಂದು ಮನೆಯ ಮಾಳಿಗೆಯ ಮೇಲೆ, ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದುಕೊಂಡು.

ನನ್ನ ತಂಗಿ ಗಿರಿಜಾ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಗಂಡ ಬಸವರಾಜ ಸುಲೈಬಿಯಾದ ಶೈತ್ಯಾಗಾರವೊಂದರಲ್ಲಿ ಮೆಕ್ಯಾನಿಕ್. ಇಬ್ಬರೂ ಒಬ್ಬ ಕುವೈತಿಯ ದೊಡ್ಡ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಾರೆ. ಬಹಳ ವರ್ಷಗಳಿಂದ ಕರೆಯುತ್ತಲೇ ಇದ್ದರು. ನೌಕರಿಯಿಂದ ನಿವೃತ್ತಳಾದ ಮೇಲೆ ನೆಪ ಹೇಳಲು ಏನೂ ಉಳಿಯಲಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ ವಿಸಿಟ್ ವೀಸಾ ಬಂತು, ಹೊರಟುಬಿಟ್ಟೆ.

ಬಂದ ಮರುದಿನವೇ ಗಿರಿಜಾ ನನ್ನನ್ನು ಅಂಗಳ ದಾಟಿಸಿ ದೊಡ್ಡ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಮನೆಯ ಯಜಮಾನನ ತಾಯಿ ಇದ್ದಾಳೆ. ಸಂಬಳದ ಕೆಲಸವಲ್ಲದಿದ್ದರೂ, ಕ್ಲಿನಿಕ್ಕಿನಿಂದ ಬಂದ ಮೇಲೆ ಗಿರಿಜಾ ದಿನವೂ ಆ ಮುದುಕಿಯ ಸಕ್ಕರೆ, ಬಿಪಿ ನೋಡಿ, ಒಂದಿಷ್ಟು ಮಾತಾಡಿ ಬರುತ್ತಾಳೆ. ಎಲ್ಲರೂ ಆಕೆಯನ್ನು ಉಮ್ಮ್ ಖಾಲಿದ್ ಎನ್ನುತ್ತಾರೆ. ಖಾಲಿದನ ತಾಯಿ ಎಂದರ್ಥ. ಮಕ್ಕಳಾದ ಮೇಲೆ ಹೆಂಗಸರನ್ನು ಹಿರಿಮಗನ ಹೆಸರು ಹಿಡಿದು ಕರೆಯುವುದು ಅಲ್ಲಿನ ವಾಡಿಕೆ.

"ಮನಿ ಮಾಲಕರ ಹೆಸರು ನಾಸರ್ ಅಂದಿ. ಮತ್ತ ಖಾಲಿದ್ ಯಾರು?" ಎಂದು ಅಂಗಳದಲ್ಲೇ ಕೇಳಿದೆ.

ಗಿರಿಜಾ ದನಿ ತಗ್ಗಿಸಿದಳು. "ದೊಡ್ಡ ಮಗಾ. ತೊಂಬತ್ತರ ಯುದ್ಧದಾಗ ಇರಾಕಿನವರು ಹಿಡಕೊಂಡು ಹೋದ್ರಂತ. ಹೊಳ್ಳಿ ಬರಲಿಲ್ಲ. ಆ ಮಾತು ಈ ಮನ್ಯಾಗ ಯಾರೂ ತಗ್ಯಾಂಗಿಲ್ಲ, ನೀನೂ ತಗೀಬ್ಯಾಡ."

ನನಗೆ ಅರಬ್ಬಿಯ ಒಂದಕ್ಷರವೂ ಬರದು, ತೆಗೆಯುವುದೆಲ್ಲಿಂದ ಬಂತು. ಉಮ್ಮ್ ಖಾಲಿದ್ ನನ್ನ ಎರಡೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಏಲಕ್ಕಿ ಹಾಕಿದ ಹಳದಿ ಕಾಫಿ ಬಂತು, ಹಿಡಿಕೆಯಿಲ್ಲದ ಪುಟ್ಟ ಬಟ್ಟಲಲ್ಲಿ. ಕುಡಿದು ಕೆಳಗಿಟ್ಟೆ, ಆಕೆ ಮತ್ತೆ ತುಂಬಿಸಿದಳು. ಕೊಟ್ಟದ್ದನ್ನು ಬಿಡಬಾರದೆಂದು ಅದನ್ನೂ ಕುಡಿದೆ, ಮತ್ತೆ ತುಂಬಿಸಿದಳು. ಬಟ್ಟಲು ಖಾಲಿಯಾದರೆ ಇನ್ನೂ ಬೇಕು ಎಂದು ಅವರು ತಿಳಿಯುತ್ತಾರೆ, ಖಾಲಿ ಮಾಡದಿದ್ದರೆ ಅಗೌರವ ಎಂದು ನಾನು ತಿಳಿದಿದ್ದೆ. ಕೊನೆಗೆ ಗಿರಿಜಾ ನಗು ತಡೆದುಕೊಂಡು, "ಬಟ್ಟಲ ಸ್ವಲ್ಪ ಅಳ್ಳಾಡ್ಸಿ ಕೊಡಕ್ಕ, ಸಾಕು ಅಂತ ಗೊತ್ತಾಕ್ಕತಿ," ಎಂದಳು. ಅಷ್ಟರಲ್ಲಿ ನನ್ನ ಎದೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತು.

ಆಗಲೇ ಗೋಡೆಯ ಮೇಲಿನ ಟಿವಿ ನನ್ನ ಕಣ್ಣಿಗೆ ಬಿದ್ದದ್ದು. ಯಾರೋ ಒಬ್ಬರು ಧರ್ಮಬೋಧೆ ಮಾಡುತ್ತಿದ್ದರು. ಅವರ ಮುಖ ಇದ್ದಕ್ಕಿದ್ದಂತೆ ಚೌಕ ಚೌಕ ಚೂರುಗಳಾಗಿ ಒಡೆದುಹೋಯಿತು. ಮಾತು ಅರ್ಧಕ್ಕೆ ಕತ್ತರಿಸಿತು. ಮತ್ತೆ ಕೂಡಿಕೊಂಡಿತು, ಮತ್ತೆ ಒಡೆಯಿತು. ಉಮ್ಮ್ ಖಾಲಿದ್ ಅದಕ್ಕೆ ಒಗ್ಗಿಹೋದವಳಂತೆ ಸುಮ್ಮನೆ ನೋಡುತ್ತಿದ್ದಳು.

ಮನೆಯಲ್ಲಿ ಉಳಿದವರೆಲ್ಲ ಇಂಟರ್‌ನೆಟ್ಟಿನಲ್ಲೇ ಎಲ್ಲ ನೋಡುತ್ತಾರಂತೆ. ಮಾಳಿಗೆಯ ಡಿಶ್ ತೆಗೆಸಿ ಎಷ್ಟೋ ಕಾಲವಾಗಿದೆ. ಮುದುಕಿಗೆ ಆ್ಯಪ್ ಹುಡುಕುವುದು, ಬಾಣದ ಗುಂಡಿ ಒತ್ತುತ್ತ ಹೋಗುವುದು ಬಗೆಹರಿಯದು. ಅಂಕೆ ಒತ್ತಿದರೆ ಚಾನೆಲ್ ಬರಬೇಕು, ಅಷ್ಟೇ. ಅದಕ್ಕಾಗಿ ಆಕೆಯ ಕೋಣೆಗೆ ಮಾತ್ರ ಹಳೆಯ ಆಂಟೆನಾ ಉಳಿದಿತ್ತು. ಕುವೈತಿನಲ್ಲಿ ಸರ್ಕಾರದ ಚಾನೆಲ್‌ಗಳು ಇವತ್ತಿಗೂ ಗಾಳಿಯಲ್ಲೇ ಬರುತ್ತವೆ, ಯಾವ ಚಂದಾ ಬೇಕಿಲ್ಲ. ಹಿಡಿಯುವುದಕ್ಕೆ ಮಾಳಿಗೆಯ ಮೇಲೊಂದು ಆಂಟೆನಾ ಇದ್ದರಾಯಿತು.

ನಾನು ದುಡಿದದ್ದು ನಮ್ಮೂರ ಗುಡ್ಡದ ಮೇಲಿನ ಸರ್ಕಾರಿ ಟಿವಿ ಮರುಪ್ರಸಾರ ಕೇಂದ್ರದಲ್ಲಿ. ತಂತ್ರಜ್ಞೆ ಎಂದು ಸೇರಿಕೊಂಡೆ. ಊರಿನಲ್ಲಿ ಮನೆಗಳ ಮೇಲಿನ ಆಂಟೆನಾಗಳು ಒಂದೊಂದಾಗಿ ಇಳಿದು, ಕಡೆಗೆ ನಮ್ಮ ಟವರ್ ಕೂಡ ಬಾಯಿ ಮುಚ್ಚಿಕೊಂಡಿತು. ನನ್ನನ್ನು ಬೇರೆ ಕಚೇರಿಯ ಮೇಜಿನ ಹಿಂದೆ ಕೂರಿಸಿದರು, ಅಲ್ಲಿಂದಲೇ ನಿವೃತ್ತಳಾದೆ. ಹಾಗಾಗಿ ಒಡೆದ ಚಿತ್ರ ನೋಡಿದ್ದೇ ತಡ, ಕೈ ತುರಿಸತೊಡಗಿತು.

"ನಾ ನೋಡ್ಲೇನು ಅದನ್ನ?" ಎಂದೆ.

"ನೀ ಸೂಟಿ ಕಳ್ಯಾಕ ಬಂದೀದಿ ಅಕ್ಕ," ಎಂದಳು ಗಿರಿಜಾ. ಆದರೂ ಮುದುಕಿಗೆ ಅರಬ್ಬಿಯಲ್ಲಿ ಹೇಳಿದಳು. ಉಮ್ಮ್ ಖಾಲಿದ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ನನ್ನ ಇಳಕಲ್ ಸೀರೆಯನ್ನೂ ಸೇರಿಸಿ, ಚೆನ್ನಾಗಿ ನೋಡಿದಳು. ಆಮೇಲೆ ಅಂದದ್ದು ಒಂದೇ ಮಾತು, ನಡಿ ಎನ್ನುವ ಅರ್ಥದ್ದು: "ಯಲ್ಲಾ."

ಮಾಳಿಗೆ

ಶುಕ್ರವಾರ ಅಲ್ಲಿ ರಜೆ. ಬಸವರಾಜನನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ಗದಗಿನಲ್ಲಿ ಮಾಳಿಗೆಯೆಂದರೆ ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ, ಪಕ್ಕದ ಮನೆಯವರೊಡನೆ ಹರಟೆ. ಇಲ್ಲಿ ಮಾಳಿಗೆಗೆ ಯಾರೂ ಬರುವುದಿಲ್ಲ. ಬಿಳಿಯ ನೀರಿನ ಟ್ಯಾಂಕುಗಳು, ಗುಂಯ್‌ಗುಡುವ ಎಸಿ ಯಂತ್ರಗಳು, ಎಲ್ಲದರ ಮೇಲೆ ಗೋಧಿಹಿಟ್ಟಿನಷ್ಟು ನುಣುಪಾದ ಮರಳ ಧೂಳು. ಸುತ್ತ ಮಣ್ಣು ಬಣ್ಣದ ಚಪ್ಪಟೆ ಮನೆಗಳು, ಅವುಗಳಾಚೆ ಉದ್ದಕ್ಕೆ ಎದ್ದ ಮುತ್ಲಾ ದಿಬ್ಬ. ನಮ್ಮ ಕಪ್ಪತಗುಡ್ಡ ನೋಡಿದವರು ಅದನ್ನು ಗುಡ್ಡ ಎನ್ನಲಾರರು. ಅವರಿಗೆ ಇರುವುದು ಅದೊಂದೇ, ಹಾಗಾಗಿ ಅಭಿಮಾನದಿಂದ ತೋರಿಸುತ್ತಾರೆ.

ಆಂಟೆನಾ ಒಂದು ಮೂಲೆಯ ಕಬ್ಬಿಣದ ಕೊಳವೆಗೆ ಬಿಗಿದಿತ್ತು, ಮೀನಿನ ಮುಳ್ಳಿನಂಥದ್ದು. ಅದರ ಮೂತಿ ನೆಲ ನೋಡುತ್ತಿತ್ತು. ಕೇಬಲ್ಲಿನ ಕರಿ ಸಿಪ್ಪೆ ಬಿಸಿಲಿಗೆ ಸೀಳಿ ಒಳಗಿನ ತಂತಿ ಕಾಣುತ್ತಿತ್ತು. ಜೋಡಣೆಯ ಪಿನ್ ಬಿಚ್ಚಿದರೆ ಧೂಳೂ ತುಕ್ಕೂ ಕಲಸಿಕೊಂಡು ಗಾರೆಯಂತೆ ಕೂತಿತ್ತು. ಅಷ್ಟು ಸಾಲದೆಂಬಂತೆ, ಬಂದ ಒಂದಿಷ್ಟು ಸಿಗ್ನಲ್ಲನ್ನು ಮನೆಯ ಎಲ್ಲ ಕೋಣೆಗಳಿಗೆ ಹಂಚುವ ಡಬ್ಬಿಯೊಂದು ನಡುವೆ ಕುಳಿತಿತ್ತು.

"ಈಗ ಆ ಕೋಣಿಗಳಾಗ ಯಾರೂ ಈ ವಾಯರ್ ಹಚ್ಚಾಂಗಿಲ್ರಿ ಅಕ್ಕಾರ," ಎಂದ ಬಸವರಾಜ.

"ಹಚ್ಚಲಿ ಬಿಡಲಿ, ಡಬ್ಬಿ ಮಾತ್ರ ಹಂಚಿಕೋತ ಕೂತೈತಿ. ಮುದುಕಿಗೆ ತಳದಾಗಿನ ಗಸಿ ಅಷ್ಟ ಸಿಗತೈತಿ," ಎಂದು ಡಬ್ಬಿಯನ್ನು ಕಿತ್ತು ಬದಿಗಿಟ್ಟೆ.

ಪಿನ್ ಒರೆಸಿ, ಆಂಟೆನಾ ಎತ್ತಿ ನೆಟ್ಟಗೆ ಮಾಡಿ, ನಗರದ ಪ್ರಸಾರ ಗೋಪುರವಿರುವ ಪೂರ್ವಕ್ಕೆ ತಿರುಗಿಸತೊಡಗಿದೆ. ಕೆಳಗೆ ಕಿಟಕಿಯ ಬಳಿ ಗಿರಿಜಾ ನಿಂತಿದ್ದಳು.

"ಬಂತೇನ?"

"ಬಂತು... ಹೋತು... ಬಂತು, ಬಂತು. ಹೋತು."

ಈ ಸಂಭಾಷಣೆಯನ್ನು ಆಡದ ಮನೆ ನಮ್ಮ ಕಾಲದಲ್ಲಿ ಕರ್ನಾಟಕದಲ್ಲಿತ್ತೇ? ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇನ್ನೊಂದು ದನಿ ಸೇರಿಕೊಂಡಿತು. ಹಲ್ಲಿಲ್ಲದ ಬಾಯಿಯ, ಗಂಟಲಿನಿಂದ ಹೊರಟ "ಹೋತು". ಉಮ್ಮ್ ಖಾಲಿದ್ ಕನ್ನಡ ಕಲಿತುಬಿಟ್ಟಿದ್ದಳು. "ಬಂತು" ಎನ್ನುವುದನ್ನು ಮಾತ್ರ ಆಕೆಗೆ ಅವತ್ತು ಹೆಚ್ಚು ಬಳಸಲು ಆಗಲಿಲ್ಲ.

ಅನಲಾಗ್ ಕಾಲದಲ್ಲಿ ಸಿಗ್ನಲ್ ಸೊರಗಿದರೆ ಪರದೆಯ ಮೇಲೆ ನುಸಿ ಮುತ್ತುತ್ತಿತ್ತು, ಆದರೂ ಅದರ ಹಿಂದೆ ಮನುಷ್ಯರು ಕಾಣುತ್ತಿದ್ದರು, ದನಿ ಕೇಳುತ್ತಿತ್ತು. ಎಷ್ಟು ಹದಗೆಟ್ಟಿದೆ ಎಂದು ನುಸಿ ನೋಡಿಯೇ ನಾವು ಹೇಳುತ್ತಿದ್ದೆವು. ಡಿಜಿಟಲ್‌ನಲ್ಲಿ ಆ ಸೌಲಭ್ಯವಿಲ್ಲ. ಒಂದು ಮಟ್ಟದವರೆಗೆ ಕನ್ನಡಿಯಂಥ ಚಿತ್ರ, ಅದಕ್ಕಿಂತ ಕೂದಲೆಳೆ ಕಡಿಮೆಯಾದರೆ ಕತ್ತಲೆ. ನಡುವೆ ಕಾಲೂರಲು ಜಾಗವೇ ಇಲ್ಲ. ನನ್ನ ಅನುಭವದ ಅರ್ಧ ಪಾಲು ಇಲ್ಲಿ ನಡೆಯುವುದಿಲ್ಲ ಎಂದು ಆ ಮಾಳಿಗೆಯ ಮೇಲೆ ಅರಿವಾಯಿತು. ಹಳೆಯ ಕೇಬಲ್ ಹೋಗಲೇಬೇಕಿತ್ತು.

ಮಿರ್ಕಾಬ್

ಕೇಬಲ್ ಹುಡುಕಿಕೊಂಡು ಬಸವರಾಜ ನನ್ನನ್ನು ನಗರದ ಮಿರ್ಕಾಬಿಗೆ ಕರೆದುಕೊಂಡು ಹೋದ. ಎತ್ತರದ ಕಚೇರಿಗಳ ಕಾಲ ಬುಡದಲ್ಲಿ ಸಾಲು ಸಾಲು ಅಂಗಡಿಗಳು. ಆಂಟೆನಾ ಎಂದರೆ ಮೊದಲ ಅಂಗಡಿಯವನು ನಕ್ಕ, ಎರಡನೆಯವನು ಡಿಶ್ ತೋರಿಸಿದ. ಮತ್ತೊಂದರಲ್ಲಿ ನಾನು ಬಸವರಾಜನಿಗೆ, "ಇವನೂ ಇಲ್ಲ ಅಂದ್ರ ಮನೀಗೆ ಹೋಗೂಣು ನಡಿ," ಎಂದದ್ದೇ, ಗಲ್ಲೆಯಲ್ಲಿದ್ದ ದಾಡಿಯ ಗಂಡಸು ತಲೆಯೆತ್ತಿದ.

"ಇಲ್ಲ ಅಂತ ಯಾರು ಹೇಳಿದ್ರು? ಎಂತ ಬೇಕು ಅಕ್ಕ ನಿಮಗೆ?"

ಅವನ ಹೆಸರು ಹಮೀದ್, ಬಂಟ್ವಾಳದ ಕಡೆಯ ಬ್ಯಾರಿ. ನಾವು ಗದಗಿನವರೆಂದು ಕೇಳಿ, "ಬ್ಯಾಡಗಿ ನಿಮಗೆ ಹತ್ತಿರ ಅಲ್ವಾ? ಆ ಮೆಣಸು ಇಲ್ಲದೆ ನಮ್ಮಲ್ಲಿ ಕೋಳಿ ಗಸಿಯೇ ಆಗುದಿಲ್ಲ," ಎಂದು ಸ್ಟೂಲು ಎಳೆದು ಕೊಟ್ಟ. ಚಹಾ ತರಿಸಿದ. ಕರಾವಳಿಯವನ ಕನ್ನಡ ಪುಸ್ತಕ ಓದಿದಷ್ಟು ಬಿಡಿಬಿಡಿ, ನಮ್ಮದು ಒಂದಕ್ಕೊಂದು ಹೊಸೆದುಕೊಂಡದ್ದು. ಊರಿನಲ್ಲಾದರೆ ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದೆವೇನೋ. ಅಲ್ಲಿ ಒಂದೊಂದು ಮಾತನ್ನೂ ಚಪ್ಪರಿಸಿಕೊಂಡು ಕೇಳಿದೆವು.

ಒಳ್ಳೆಯ ತಾಮ್ರದ ಕೇಬಲ್, ಹೊಸ ಪಿನ್ನುಗಳು ಸಿಕ್ಕವು. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಇದೆಯೇ ಎಂದು ಕೇಳಿದೆ.

"ಉಂಟು. ಆದರೆ ಅಕ್ಕ, ಎಲ್ಲರೂ ಬೂಸ್ಟರ್ ಹಾಕಿದ್ರೆ ಮುಗೀತು ಅಂತ ತಕೊಂಡು ಹೋಗ್ತಾರೆ. ಆಮೇಲೆ ಇದ್ದ ಚಾನೆಲೂ ಹೋಯ್ತು ಅಂತ ವಾಪಸ್ ತರ್ತಾರೆ."

"ನಾನು ಅದರಾಗ ಕೆಲಸಾ ಮಾಡಿದಾಕಿ," ಎಂದೆ, ಸ್ವಲ್ಪ ಬಿಗುಮಾನದಿಂದಲೇ.

"ಹಾಗಾದ್ರೆ ಸರಿ ಮಾರಾಯ್ರೆ," ಎಂದು ಬೂಸ್ಟರನ್ನೂ ಚೀಲಕ್ಕೆ ಹಾಕಿದ.

ಮತ್ತೆ ಮಾಳಿಗೆ

ಹೊಸ ಕೇಬಲ್ ಎಳೆದು, ಬೂಸ್ಟರ್ ಕೂರಿಸಿ, ಕೆಳಗಿಳಿದು ಟಿವಿ ಹಚ್ಚಿದೆ. ಮೊದಲು ಚೂರು ಚೂರಾಗಿಯಾದರೂ ಬರುತ್ತಿದ್ದ ಚಾನೆಲ್‌ಗಳಲ್ಲಿ ಈಗ ಒಂದೂ ಇಲ್ಲ. ಪರದೆ ಪೂರ್ತಿ ಕಪ್ಪು. ಉಮ್ಮ್ ಖಾಲಿದ್ ನನ್ನ ಮುಖ ನೋಡಿ, ಬಹಳ ಸಮಾಧಾನದಿಂದ, "ಹೋತು," ಎಂದಳು.

ಹಮೀದ್ ಹೇಳಿದ್ದು ನೆಟ್ಟಗೆ ನೆನಪಾಯಿತು. ಪ್ರಸಾರ ಗೋಪುರ ದೂರವೇನಲ್ಲ. ಹತ್ತಿರದ ಗಟ್ಟಿ ಸಿಗ್ನಲ್ಲನ್ನು ಬೂಸ್ಟರ್ ಇನ್ನಷ್ಟು ಉಬ್ಬಿಸಿದರೆ, ಕಿವಿಯ ಬಳಿ ಬಾಯಿಟ್ಟು ಕೂಗಿದಂತಾಗಿ ಟಿವಿಗೆ ಏನೂ ತಿಳಿಯುವುದಿಲ್ಲ. ಇಲ್ಲಿದ್ದ ತೊಂದರೆ ಸಿಗ್ನಲ್ ಸಾಲದ್ದಲ್ಲ, ದಾರಿಯಲ್ಲಿ ಸೋರಿಹೋಗುತ್ತಿದ್ದದ್ದು. ಬೂಸ್ಟರ್ ಬಿಚ್ಚಿ ಹಾಕಿದೆ. ಹೊಸ ಕೇಬಲ್ಲೊಂದೇ ಸಾಕಾಯಿತು. ಧರ್ಮಬೋಧೆಯವರ ಗಡ್ಡದ ಒಂದೊಂದು ಕೂದಲೂ ಕಾಣಿಸಿತು.

ಉಮ್ಮ್ ಖಾಲಿದ್ ಒಂದೊಂದೇ ಚಾನೆಲ್ ಒತ್ತಿ ನೋಡಿದಳು. ಎಲ್ಲ ನೋಡಿಯಾದ ಮೇಲೆ ನನ್ನ ಮೊಣಕೈ ಹಿಡಿದು, "ಶಮಾಲ್," ಎಂದಳು.

ಶಮಾಲ್ ಎಂದರೆ ಅಲ್ಲಿ ಧೂಳೆಬ್ಬಿಸುವ ಗಾಳಿಯ ಹೆಸರೆಂದು ಬಸವರಾಜ ಹೇಳಿದ್ದ. ಗಾಳಿಗೆ ಆಂಟೆನಾ ಅಲ್ಲಾಡೀತು ಎನ್ನುತ್ತಿದ್ದಾಳೆಂದು ತಿಳಿದು, ಭದ್ರವಾಗಿ ಬಿಗಿದಿದ್ದೇನೆ ಎಂದು ಮುಷ್ಟಿ ಹಿಡಿದು ತೋರಿಸಿದೆ. ಆಕೆ ತಲೆಯಾಡಿಸಿ ಮತ್ತೆ ಅದನ್ನೇ ಹೇಳಿದಳು. ಗಿರಿಜಾ ಬಂದು ಕೇಳಿಸಿಕೊಂಡಳು.

"ಗಾಳಿ ಅಲ್ಲಕ್ಕ. ಶಮಾಲ್ ಅಂದ್ರ ಉತ್ತರ. ಆಂಟೆನಾ ಉತ್ತರಕ್ಕ ತಿರುಗಸು ಅನ್ನಾಕತ್ತಾಳ. ಗಡಿ ಆಚೆ ಇರಾಕಿನ ಒಂದು ಸಣ್ಣ ಚಾನೆಲ್ ಐತಂತ, ಆ ಕಡೆ ಊರಿನ ಸುದ್ದಿ ಅಷ್ಟ ತೋರಿಸ್ತಾರಂತ. ಹಿಂದ ಯಾವಾಗರೆ ಬೆಳಿಗ್ಗೆ ಮಂಜು ಬಿದ್ದಾಗ ಹಿಡೀತಿತ್ತಂತ."

"ಅದ್ಯಾಕ ಬೇಕಂತ?"

ಗಿರಿಜಾ ಮುದುಕಿಯನ್ನು ಕೇಳಲಿಲ್ಲ, ತಾನೇ ಊಹಿಸಿದಳು. "ಆಕಿ ಹುಟ್ಟಿದ್ದು ಗಡಿ ಆಚೆ, ಝುಬೈರ್ ಅಂತ ಊರು. ಮದುವಿ ಆಗಿ ಇಲ್ಲಿ ಬಂದಾಕಿ. ತವರಿನ ಆಸೆ ಇರಬೇಕು, ಪಾಪ." ಆಮೇಲೆ ತಡೆದು, "ನಾಸರ್ ಅವ್ರಿಗೆ ಒಂದ್ ಮಾತು ಕೇಳಿ ಮಾಡೂಣು," ಎಂದಳು.

ನಾಸರ್ ಕಚೇರಿಗೆ ಹೋಗಿದ್ದ. ತವರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಯಾರ ಅಪ್ಪಣೆಗೂ ಕಾಯುವವಳಲ್ಲ. ಒಬ್ಬ ಹೆಂಗಸು ತವರು ನೋಡುತ್ತೇನೆ ಎಂದರೆ ಮಗನನ್ನು ಏಕೆ ಕೇಳಬೇಕು? ಪಾನಾ ಹಿಡಿದು ಹತ್ತಿಯೇಬಿಟ್ಟೆ. ದೂರದ ಬಡ ಸಿಗ್ನಲ್ಲಿಗೆ ಬೂಸ್ಟರ್ ಬೇಕು, ಆದರೆ ನಗರದ ಗೋಪುರ ಅದರ ಬಾಯಿಗೆ ಎದುರಾಗಬಾರದು. ಕೊಳವೆಗೆ ಇನ್ನೊಂದು ಉದ್ದ ಜೋಡಿಸಿ ಆಂಟೆನಾವನ್ನು ಆದಷ್ಟು ಎತ್ತರಿಸಿದೆ. ಮೂತಿಯನ್ನು ಉತ್ತರಕ್ಕೆ ತಂದು, ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಸರಿಸಿ, ಗೋಪುರ ಪೂರ್ತಿ ಪಕ್ಕೆಗೆ ಬೀಳುವಂತೆ ಮಾಡಿದೆ. ಬೂಸ್ಟರನ್ನು ಆಂಟೆನಾದ ಬುಡದಲ್ಲೇ ಕೂರಿಸಿದೆ. ಊರಿನ ಚಾನೆಲ್‌ಗಳು ಪಕ್ಕದಿಂದಲೇ ಬಂದವು. ಉತ್ತರದ್ದು ಬರಲಿಲ್ಲ. ಟಿವಿಯ ಮಾಪಕದಲ್ಲಿ ಒಂದು ಸಣ್ಣ ಗೆರೆ ಎದ್ದು ಬಿದ್ದು ಮಾಡಿತು, ಅಷ್ಟೇ.

ಮಂಜಿನ ಬೆಳಗುಗಳು

ಮರುಭೂಮಿಯಲ್ಲಿ ಮಂಜು ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಎದ್ದರೆ ಅಂಗಳದ ಖರ್ಜೂರದ ಗಿಡ ಕಾಣದಷ್ಟು ಮಂಜು. ಗಾಳಿ ನಿಂತಿತ್ತು. ಇಂಥ ಬೆಳಗುಗಳಲ್ಲಿ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ಕೂತು, ನಡುವೆ ಸಿಕ್ಕ ಸಿಗ್ನಲ್ ಎಲ್ಲೂ ಚದುರದೆ ಬಹಳ ದೂರ ಹರಿದುಬರುತ್ತದೆ. ನಮ್ಮ ಗುಡ್ಡದ ಕೇಂದ್ರದಲ್ಲೂ ಹೀಗೆ ಎಲ್ಲಿಯದೋ ಪ್ರಸಾರ ಬಂದು ನುಗ್ಗಿದ್ದುಂಟು. ನಾನು ಸೀರೆಯ ಮೇಲೆ ಬಸವರಾಜನ ಸ್ವೆಟರ್ ಹಾಕಿಕೊಂಡು ಅಂಗಳ ದಾಟಿದೆ.

ಉಮ್ಮ್ ಖಾಲಿದ್ ಆಗಲೇ ಪ್ರಾರ್ಥನೆ ಮುಗಿಸಿ ಟಿವಿಯ ಮುಂದಿದ್ದಳು. ಚಾನೆಲ್ ಬಂದಿತ್ತು. ಒಡೆಯದ, ಸ್ವಚ್ಛ ಚಿತ್ರ. ಆಕೆ ನನ್ನತ್ತ ತಿರುಗಲಿಲ್ಲ, ಕೈಯಿಂದ ಪಕ್ಕದ ಜಾಗ ತಟ್ಟಿದಳು.

ಅಂಥ ಬೆಳಗುಗಳು ನಾಲ್ಕಾರು ಬಂದವು. ಇಬ್ಬರೂ ಕೂತು ನೋಡುತ್ತಿದ್ದೆವು. ತೀರಾ ಸಾದಾ ಚಾನೆಲ್ ಅದು. ರಸ್ತೆ ರಿಪೇರಿ, ತರಕಾರಿ ಸಂತೆ, ಯಾವುದೋ ಕಾಲುವೆಯ ಉದ್ಘಾಟನೆ. ಒಂದು ಸಂಗತಿ ನನಗೆ ವಿಚಿತ್ರವೆನಿಸಿತು. ತವರಿನ ಆಸೆಯಿದ್ದವಳು ಜನರ ಮುಖ ನೋಡಬೇಕಲ್ಲ, ಮನೆ ಬೀದಿ ಗುರುತಿಸಬೇಕಲ್ಲ. ಪೇಟೆ ತೋರಿಸಿದರೆ ಆಕೆ ಜಪಮಾಲೆ ಎಣಿಸುತ್ತ ಕೂರುತ್ತಿದ್ದಳು. ಕ್ಯಾಮೆರಾ ಊರ ಹೊರಗೆ ಹೋಗಿ ಬಯಲು, ಮರಳು, ಮುಳ್ಳುಕಂಟಿ ಕಂಡಾಗ ಮಾತ್ರ ಮಾಲೆ ನಿಲ್ಲುತ್ತಿತ್ತು. ಮಾತಾಡುವವನ ಹಿಂದಿನ ನೆಲವನ್ನು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ನಾಸರ್ ಬಂದದ್ದು ಅಂಥ ಒಂದು ಬೆಳಿಗ್ಗೆ, ತಾಯಿಗೆ ಸಲಾಂ ಹೇಳಿ ಕಚೇರಿಗೆ ಹೋಗಲು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತಾಯಿಯ ಹಣೆಗೆ ಮುತ್ತಿಟ್ಟು ಟಿವಿ ಕಡೆ ನೋಡಿದ. ವಾರ್ತೆ ಓದುತ್ತಿದ್ದವನ ಉಚ್ಚಾರಣೆಯಿಂದಲೇ ಅದು ಎಲ್ಲಿಯದೆಂದು ತಿಳಿದಿರಬೇಕು. ರಿಮೋಟ್ ತೆಗೆದುಕೊಂಡು ಆರಿಸಿದ. ತಾಯಿ ಜಪಮಾಲೆ ಎತ್ತಿಕೊಂಡಳು. ಅವನು ಹೊರಗೆ ಹೋಗಿ, ಕ್ಲಿನಿಕ್ಕಿಗೆ ಹೊರಟಿದ್ದ ಗಿರಿಜಾಳನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಮಾತಾಡಿದ. ಕೊನೆಯ ಪದವೊಂದೇ ನನಗೆ ತಿಳಿದದ್ದು: "ಖಲಾಸ್."

ಗಿರಿಜಾ ನನ್ನನ್ನು ಅಂಗಳಕ್ಕೆ ಕರೆದಳು. "ಇವತ್ತ ಸಂಜಿ ಒಳಗ ಅದನ್ನ ಮೊದಲಿನ ಹಂಗ ತಿರುಗಸಬೇಕಂತ. ಅಮ್ಮಗ ಆ ಚಾನೆಲ್ ತೋರಸಬಾರದು ಅಂತ ಎಷ್ಟೋ ವರ್ಷದ ಹಿಂದ ಅವರ ಮನ್ಯಾಗ ಮಾತಾಗಿತ್ತಂತ. ನನಗೇನ ಗೊತ್ತಕ್ಕ?"

ಬಸವರಾಜ ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ ಹೇಳಿದ: "ಇಂಥಾ ಮನಿ ಇನ್ನೊಂದು ಸಿಗಾಂಗಿಲ್ರಿ ಅಕ್ಕಾರ. ಖಾಲಿ ಮಾಡ್ರಿ ಅಂದ್ರ ನಾವು ಎಲ್ಲಿಗೆ ಹೋಗೂದು?" ಅವನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಬಂದು ಹೋಗುವವಳು ನಾನು, ಬಾಳಬೇಕಾದವರು ಅವರು.

ಸಂಜೆ ನಾಸರ್ ಬಂದು ಅಂಗಳದಲ್ಲಿ, ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತ. ನಾನು ಹತ್ತಿ ಪಾನಾವನ್ನು ಬೋಲ್ಟಿಗೆ ಕೊಟ್ಟೆ. ಆಗ ಕೆಳಗೆ ಬಾಗಿಲು ಸರಿದ ಸದ್ದಾಯಿತು. ಉಮ್ಮ್ ಖಾಲಿದ್ ನಡೆಯಲು ಹಿಡಿದುಕೊಳ್ಳುವ ಚೌಕಟ್ಟನ್ನು ನೆಲಕ್ಕೆ ಊರುತ್ತ ಊರುತ್ತ ಅಂಗಳಕ್ಕೆ ಬಂದಳು. ಹಿಂದೆ ಗಿರಿಜಾ.

ಮುದುಕಿ ಮಾತಾಡತೊಡಗಿದಳು. ಕೂಗಲಿಲ್ಲ. ನಾಸರ್ ಅವಳನ್ನು ಒಳಗೆ ಕರೆದುಕೊಂಡು ಹೋಗಲು ತೋಳು ಹಿಡಿದ, ಆಕೆ ಬಿಡಿಸಿಕೊಂಡಳು. ಅವನು ಏನೋ ಅಂದ, ಆಕೆ ತಲೆಯಾಡಿಸಿದಳು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಆಕೆಯ ಕರಿ ಬಟ್ಟೆಯ ನೆತ್ತಿ, ಚೌಕಟ್ಟು ಹಿಡಿದ ಕೈ, ಮತ್ತು ಇನ್ನೊಂದು ಕೈ. ಆ ಕೈ ಮೊದಲು ನೆಲ ತೋರಿಸಿತು, ಆಮೇಲೆ ಮುತ್ಲಾ ದಿಬ್ಬದ ಕಡೆಗೆ ತಿರುಗಿತು. ನಾಸರ್ ಮೆಟ್ಟಿಲ ಮೇಲೆ ಕೂತ. ಬೋಲ್ಟಿಗೆ ಕೊಟ್ಟ ಪಾನಾ ಹಾಗೇ ಇತ್ತು, ತಿರುಗಿಸಬೇಕೋ ಬಿಡಬೇಕೋ ತಿಳಿಯದು. ಕೊನೆಗೆ ಅವನು ಕತ್ತೆತ್ತಿ ನನ್ನನ್ನು ನೋಡಿ, ಅಂಗೈ ಆಡಿಸಿದ. ಬೇಡ, ಇರಲಿ ಬಿಡಿ ಎಂಬ ಹಾಗೆ.

ಆ ರಾತ್ರಿ ರೊಟ್ಟಿ ತಟ್ಟುತ್ತ ಗಿರಿಜಾ ಎಲ್ಲ ಹೇಳಿದಳು.

ಖಾಲಿದ್ ಎಷ್ಟೋ ವರ್ಷ ಕಾಣೆಯಾದವರ ಲೆಕ್ಕದಲ್ಲಿದ್ದ. ಆಗ ತಾಯಿ ಆ ಚಾನೆಲ್‌ನಲ್ಲಿ ಕಂಡ ಒಂದೊಂದು ಮುಖದಲ್ಲೂ ಮಗನನ್ನು ಹುಡುಕುತ್ತ, ಊಟ ನಿದ್ದೆ ಬಿಟ್ಟು ಕಾಯಿಲೆ ಬಿದ್ದಿದ್ದಳು. ಚಾನೆಲ್ ತೋರಿಸಬಾರದೆಂದು ಮನೆಯವರು ಮಾತು ಮಾಡಿಕೊಂಡದ್ದು ಆಗ. ಕೆಲವು ವರ್ಷಗಳ ಹಿಂದೆ ಇರಾಕಿನ ದಕ್ಷಿಣದ ಮರುಭೂಮಿಯಲ್ಲಿ ಎಲುಬುಗಳು ಸಿಕ್ಕವು, ಪರೀಕ್ಷೆಯಲ್ಲಿ ಖಾಲಿದನವೇ ಎಂದು ಖಚಿತವಾಯಿತು. ಗುರುತು ಹಿಡಿಯಲು ಅಲ್ಲಿಗೆ ಹೋದವನು ನಾಸರ್ ಒಬ್ಬನೇ. ತಂದು ಮಣ್ಣು ಮಾಡಿದರು. ಅಲ್ಲಿಂದೀಚೆಗೆ ನಾಸರ್ ಆ ಮಾತೆತ್ತಿದವನಲ್ಲ. ತಾಯಿ ಎತ್ತಿದರೆ ಎದ್ದು ಹೋಗುತ್ತಿದ್ದ. ಈಗ ಟಿವಿ ನೋಡಿದವನಿಗೆ, ಈಕೆ ಇನ್ನೂ ನಂಬಿಲ್ಲ, ಮತ್ತೆ ಹುಡುಕುತ್ತಿದ್ದಾಳೆ ಎಂದು ದಿಗಿಲಾಗಿತ್ತು.

"ಆಕಿ ಏನಂದಳು ಗೊತ್ತೇನಕ್ಕ?" ಗಿರಿಜಾ ಹಿಟ್ಟಿನ ಕೈ ನಿಲ್ಲಿಸಿದಳು. "ನನಗೇನು ಹುಚ್ಚು ಹಿಡದಿಲ್ಲ, ನನ್ನ ಮಗಾ ಈಗ ಇಲ್ಲೇ ಮಣ್ಣಾಗ ಅದಾನ, ಗೊತ್ತೈತಿ ಅಂದಳು. ಆದರ ಅಷ್ಟು ವರ್ಷ ಅಂವ ಬ್ಯಾರೆ ಕಡೆ ಇದ್ದ. ಅದು ಎಂಥಾ ಜಾಗ, ಅಲ್ಲೇ ಗಿಡ ಅದಾವೋ ಇಲ್ಲೋ, ಮಂದಿ ಓಡಾಡತಾರೋ ಇಲ್ಲೋ, ನನಗ ಯಾರೂ ಹೇಳಿಲ್ಲ. ನೀ ನೋಡಿ ಬಂದಿ, ಹೇಳಲಿಲ್ಲ. ಅದಕ್ಕ ಟಿವ್ಯಾಗ ನೋಡಾಕತ್ತೀನಿ ಅಂದಳು."

ನಾನು ಒಲೆ ಸಣ್ಣ ಮಾಡಿದೆ. ತವರಿನ ಆಸೆ ಎಂದು ನಾವಿಬ್ಬರು ಅಕ್ಕತಂಗಿಯರು ಎಷ್ಟು ಸುಲಭವಾಗಿ ತೀರ್ಮಾನಿಸಿಬಿಟ್ಟಿದ್ದೆವು. ನಮಗೆ ಗೊತ್ತಿದ್ದ ದುಃಖವನ್ನೇ ಆಕೆಗೂ ಹೊಂದಿಸಿದ್ದೆವು.

ಅಬ್ದಲಿ

ನಾನು ಹೊರಡುವ ಮುಂಚಿನ ಶುಕ್ರವಾರ ನಾಸರ್ ದೊಡ್ಡ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ತಾಯಿಯನ್ನು ಅಬ್ದಲಿಗೆ ಕರೆದುಕೊಂಡು ಹೋಗುತ್ತಾನಂತೆ, ನಾವೂ ಬರಬೇಕಂತೆ. ಅಬ್ದಲಿ ಉತ್ತರದ ತುದಿ. ಅದರಾಚೆ ಇರಾಕ್.

ಕಾರು ಮುತ್ಲಾ ದಿಬ್ಬ ಏರಿ ಇಳಿಯಿತು. ಆಮೇಲೆ ಬರೀ ಬಯಲು. ಚಳಿಗಾಲಕ್ಕೆಂದು ಮರುಭೂಮಿಯಲ್ಲಿ ಡೇರೆ ಹಾಕಿಕೊಂಡ ಕುಟುಂಬಗಳು, ಅವುಗಳ ಪಕ್ಕ ಕಾರುಗಳು. ಮನೆಯಲ್ಲಿ ಅಷ್ಟು ಕೋಣೆಗಳಿದ್ದೂ ಬಯಲಲ್ಲಿ ಬಂದು ಕೂರುವ ಈ ಜನರ ಆಸೆ ನನಗೆ ಬಂದ ಹೊಸದರಲ್ಲಿ ಅರ್ಥವಾಗಿರಲಿಲ್ಲ. ಅವತ್ತು ಸ್ವಲ್ಪ ಆಯಿತು. ಅಬ್ದಲಿ ಹತ್ತಿರವಾದಂತೆ ಮರಳಿನ ನಡುವೆ ಟೊಮೆಟೊ, ಸೌತೆ ಬೆಳೆಯುವ ತೋಟಗಳು ಬಂದವು. ನಾಸರನ ಪರಿಚಯದವರ ತೋಟವೊಂದರ ಅಂಚಿನಲ್ಲಿ ಕಾರು ನಿಂತಿತು. ಮುಂದೆ ಹೋಗಲು ಬಿಡುವುದಿಲ್ಲ.

ನಾಸರ್ ಕುರ್ಚಿ ಇಳಿಸಿ, ತಾಯಿಯನ್ನು ಕೂರಿಸಿ, ಉತ್ತರಕ್ಕೆ ಮುಖ ಮಾಡಿಸಿದ. ನೋಡಲು ಅಲ್ಲೇನೂ ಇರಲಿಲ್ಲ. ಚಪ್ಪಟೆ ನೆಲ, ಅಲ್ಲಲ್ಲಿ ಕುರುಚಲು, ದೂರದಲ್ಲಿ ಕಂಬಗಳ ಒಂದು ಸಾಲು. ಗಿರಿಜಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಉಮ್ಮ್ ಖಾಲಿದ್ ಲೋಟ ಹಿಡಿದುಕೊಂಡೇ ಮಗನನ್ನು ಏನೋ ಕೇಳಿದಳು.

ಗಿರಿಜಾ ನನ್ನ ಕಿವಿಯಲ್ಲಿ ಹೇಳಿದಳು. "ಅಲ್ಲೆ ಥಂಡಿ ಭಾಳ ಇರತೈತೇನು ಅಂತ. ಖಾಲಿದಗ ಥಂಡಿ ತಡಕೊಳ್ಳಾಕ ಆಗತಿದ್ದಿಲ್ಲಂತ."

ನಾಸರ್ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ. ಅವನು ಅಲ್ಲಿಂದ ಹೊರಟುಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಬಿಳಿ ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ತಾಯಿಯ ಕುರ್ಚಿಯ ಪಕ್ಕ ಮರಳಿನ ಮೇಲೆ ಕೂತ.

"ರಾತ್ರಿ ಇರತೈತಿ, ಯುಮ್ಮಾ. ಹಗಲಿಗೆ ಬಿಸಲ ಬೀಳತೈತಿ ಅಂದ," ಎಂದಳು ಗಿರಿಜಾ. ಯುಮ್ಮಾ ಎಂದರೆ ಅವ್ವ.

ಉಮ್ಮ್ ಖಾಲಿದ್ ಇನ್ನೊಂದು ಕೇಳಿದಳು. ಅವನು ಉತ್ತರ ಹೇಳಿದ. ಮತ್ತೊಂದು ಕೇಳಿದಳು. ಅದಕ್ಕೆ ಅವನು ನೆಲ ನೋಡುತ್ತ, ಮೆಲ್ಲಗೆ ಶುರು ಮಾಡಿದವನು ನಿಲ್ಲಿಸಲಿಲ್ಲ. ಗುರುತು ಹಿಡಿಯಲು ಹೋದ ದಿನ ತಾನು ಕಂಡದ್ದನ್ನು, ಅವರು ತನಗೆ ಹೇಳಿದ್ದನ್ನು, ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡದ್ದನ್ನು ಹೇಳುತ್ತಿದ್ದಾನೆಂದು ಯಾರೂ ನನಗೆ ತಿಳಿಸಬೇಕಾಗಿರಲಿಲ್ಲ. ತಾಯಿ ನಡುವೆ ಒಮ್ಮೆ ಅವನ ತಲೆಯ ಮೇಲೆ ಕೈಯಿಟ್ಟಳು, ಆಮೇಲೆ ತೆಗೆಯಲಿಲ್ಲ.

ಗಿರಿಜಾ ಅನುವಾದಿಸುವುದನ್ನು ನಿಲ್ಲಿಸಿಬಿಟ್ಟಿದ್ದಳು. ನಾನೂ ಕೇಳಲಿಲ್ಲ. ಅವಳ ಕೈ ಹಿಡಿದುಕೊಂಡು ಟೊಮೆಟೊ ಸಾಲುಗಳ ಕಡೆಗೆ ನಡೆದೆ.